ಮನೆಗೆ ಸೇರಿದ ಕಾರ್ ಶೆಡ್: ಲಿಫ್ಟ್ ಕೂರಿಸುವುದಾದರೆ ಎತ್ತರ ಎಷ್ಟಿರಬೇಕು?

ಪುಣೆ, ಹೈದರಾಬಾದು, ಚೆನ್ನೈ ನಗರಗಳ ಅಂಚಿನಲ್ಲಿ ಮೂರು ನಾಲ್ಕು ದಶಕಗಳ ಹಿಂದೆ ನಿವೇಶನ ಕೊಂಡು ಸ್ವಂತ ಮನೆ ಕಟ್ಟಿಕೊಂಡ ಕನ್ನಡ ಕುಟುಂಬಗಳು ನಮ್ಮ ಬಳಗದಲ್ಲಿ ಬಹಳ ಇವೆ. ಅಂದು ಮನೆಗೊಂದು ಸ್ಕೂಟರು, ಹೆಚ್ಚೆಂದರೆ ಒಂದು ಕಾರು. ಇಂದು ಮಗನದೊಂದು, ಸೊಸೆಯದೊಂದು, ಯಜಮಾನರು ಯಾರಿಗೂ ಕೊಡಲೊಪ್ಪದ ಹಳೆಯದೊಂದು. ಕಾರುಗಳು ಹೆಚ್ಚಿವೆ, ಅಂಗಳ ಅಷ್ಟೇ ಇದೆ. ಒಂದರ ಮೇಲೊಂದು ಕಾರು ನಿಲ್ಲಿಸುವ ಲಿಫ್ಟನ್ನು ಮನೆಯಲ್ಲೇ ಕೂರಿಸುವ ಆಲೋಚನೆ ಹೀಗೆ ಹುಟ್ಟಿಕೊಳ್ಳುತ್ತದೆ. ಅದಕ್ಕೆಂದು ಮನೆಯ ಪಕ್ಕಕ್ಕೆ ಹೊಸ ಶೆಡ್ ಸೇರಿಸಿ ಕಟ್ಟಲು ಹೊರಟವರಿಗೆ ಉಪಯೋಗವಾಗಲೆಂದು ಈ ಮಾಹಿತಿಯನ್ನು ಒಂದೆಡೆ ಕೊಡುತ್ತಿದ್ದೇವೆ. ಕನ್ನಡದಲ್ಲಿ ಗ್ಯಾರೇಜು ಎಂದರೆ ರಿಪೇರಿ ಅಂಗಡಿಯೇ ನೆನಪಿಗೆ ಬರುವುದರಿಂದ, ಮನೆಯದನ್ನು ನಾವು ಕಾರ್ ಶೆಡ್ ಎಂದೇ ಕರೆಯುತ್ತೇವೆ.

ಮೊದಲು ನಾವು ಕಣ್ಣಾರೆ ಕಂಡ ಒಂದು ಪ್ರಸಂಗ. ಪುಣೆಯ ನಮ್ಮ ಪರಿಚಯದ ಹಿರಿಯರೊಬ್ಬರ ಬಳಿ ಅವರ ತಂದೆಯವರ ಕಾಲದ ಪ್ರೀಮಿಯರ್ ಪದ್ಮಿನಿ ಇತ್ತು. ಅದನ್ನು ಲಿಫ್ಟಿನ ಮೇಲೇರಿಸಿ, ದಿನಬಳಕೆಯ ಸ್ವಿಫ್ಟ್ ಕಾರನ್ನು ಕೆಳಗೆ ನಿಲ್ಲಿಸುವುದು ಅವರ ಯೋಜನೆ. ಎರಡು ಕಾರು, ಲಿಫ್ಟಿನ ಹಲಗೆ, ನಡುವಿನ ಅಂತರ ಎಲ್ಲ ಸೇರಿ 3.4 ಮೀಟರ್ ಸಾಕೆಂದು ಲೆಕ್ಕ ಬಂದಿತು. ನಕ್ಷೆಯಲ್ಲಿ ಹನ್ನೊಂದೂವರೆ ಅಡಿ, ಅಂದರೆ 3.5 ಮೀಟರ್ ಎತ್ತರ ಬರೆದಿತ್ತು. ಎಲ್ಲರೂ ಸಮಾಧಾನಗೊಂಡರು. ಆದರೆ ಆ 3.5 ಮೀಟರ್ ಅಳೆದಿದ್ದುದು ನೆಲದಿಂದ ತಾರಸಿಯ ಮೇಲ್ಮೈಗೆ. ತಾರಸಿಯ ದಪ್ಪ 12.5 ಸೆಂಟಿಮೀಟರ್ ಕಳೆಯಿತು. ಅದರ ಕೆಳಗೆ ಇನ್ನೂ 25 ಸೆಂಟಿಮೀಟರ್ ಇಳಿದ ಬೀಮು ಶೆಡ್ಡಿನ ನಡುಮಧ್ಯದಲ್ಲಿ ಅಡ್ಡ ಹಾದುಹೋಗಿತ್ತು. ಉಳಿದದ್ದು 3.13 ಮೀಟರ್ ಮಾತ್ರ. ಪದ್ಮಿನಿಯನ್ನು ಎತ್ತಿದಾಗ ಅದರ ನೆತ್ತಿ ಬೀಮಿಗೆ ತಾಗುವ ಮೊದಲೇ ಲಿಫ್ಟನ್ನು ನಿಲ್ಲಿಸಬೇಕಾಯಿತು. ಕೆಳಗೆ ಸ್ವಿಫ್ಟ್ ನುಗ್ಗಲು ಮೂರು ಅಂಗುಲ ಕಡಿಮೆ ಬಿತ್ತು. ಬೀಮನ್ನು ಕಡಿಯುವಂತಿಲ್ಲ, ತಾರಸಿಯನ್ನು ಎತ್ತುವಂತಿಲ್ಲ. ಪದ್ಮಿನಿ ಅಂಗಳದಲ್ಲಿ ಟಾರ್ಪಾಲಿನ ಕೆಳಗೆ ಎರಡು ಮಳೆಗಾಲ ಕಳೆಯಿತು. ತಳದ ತಗಡು ತುಕ್ಕು ಹಿಡಿದು ಕೈಯಿಂದ ಒತ್ತಿದರೆ ಉದುರುವಂತಾದಾಗ ಅದನ್ನು ಗುಜರಿಗೆ ಹಾಕಿದರು. ಆ ದಿನ ಹಿರಿಯರು ಮನೆಯಿಂದ ಹೊರಗೆ ಬರಲಿಲ್ಲ.

ಆದುದರಿಂದ ಶೆಡ್ಡಿನ ಎತ್ತರವೆಂದರೆ ಸಿದ್ಧಗೊಂಡ ನೆಲದಿಂದ, ಕಾರಿನ ನೆತ್ತಿಯ ಮೇಲೆ ಎಲ್ಲಕ್ಕಿಂತ ಕೆಳಗೆ ಇಳಿದಿರುವ ವಸ್ತುವಿನ ತಳದವರೆಗಿನ ಅಂತರವೆಂದೇ ತಿಳಿಯಬೇಕು. ಆ ವಸ್ತು ಬೀಮು ಆಗಿರಬಹುದು, ಫ್ಯಾನು ಆಗಿರಬಹುದು, ರೋಲಿಂಗ್ ಷಟರಿನ ಸುರುಳಿಯೂ ಆಗಿರಬಹುದು. ಮುಂದೆ ಎತ್ತರವೆಂದು ನಾವು ಬರೆಯುವಲ್ಲೆಲ್ಲ ಇದೇ ಅರ್ಥ.

ಲಿಫ್ಟು ಯಾವುದಕ್ಕೆ?

ಮನೆಗಳಲ್ಲಿ ಕೂರಿಸುವ ಲಿಫ್ಟುಗಳಲ್ಲಿ ಮುಖ್ಯವಾದವು ಎರಡು ಬಗೆ. ಎರಡು ಕಂಬದ ಲಿಫ್ಟು ಕಾರಿನ ಅಂಚುಗಳಿಗೆ ನಾಲ್ಕು ತೋಳುಗಳನ್ನು ಕೊಟ್ಟು ಎತ್ತುತ್ತದೆ. ಚಕ್ರಗಳು ಗಾಳಿಯಲ್ಲಿ ತೂಗುತ್ತವೆ. ಇದು ರಿಪೇರಿಯ ಹವ್ಯಾಸವುಳ್ಳವರಿಗೆ. ನಾಲ್ಕು ಕಂಬದ ಲಿಫ್ಟಿನಲ್ಲಿ ಕಾರು ತನ್ನ ಚಕ್ರಗಳ ಮೇಲೆಯೇ ಎರಡು ಉದ್ದ ಹಲಗೆಗಳ ಮೇಲೆ ನಿಲ್ಲುತ್ತದೆ. ಕೆಳಗೆ ಮತ್ತೊಂದು ಕಾರನ್ನು ನಿಲ್ಲಿಸಬಹುದು. ಸಾಮಾನ್ಯ ಕುಟುಂಬಕ್ಕೆ ಬೇಕಾದದ್ದು ಎರಡನೆಯದೇ. ಕಡಿಮೆ ಎತ್ತರದ ಜಾಗಕ್ಕೆಂದು ಮೇಲಿನ ಕಾರನ್ನು ಓರೆಯಾಗಿ ಎತ್ತಿ ನಿಲ್ಲಿಸುವ ಬಗೆಯೊಂದಿದೆ. ತಗ್ಗಿನ ಕಾರುಗಳಿಗೆ ಅದು ಹೊಂದಿಕೊಂಡೀತು. ಇಂದಿನ ಎತ್ತರದ ಕಾರುಗಳಿಗೆ ನಾವು ಅದನ್ನು ಸೂಚಿಸಲಾರೆವು.

ರಿಪೇರಿಗೆಂದಾದರೆ ಲೆಕ್ಕ ಹೀಗೆ. ಮಧ್ಯಮ ಎತ್ತರದ ವ್ಯಕ್ತಿ ಕಾರಿನಡಿ ನೆಟ್ಟಗೆ ನಿಂತು ಕೆಲಸ ಮಾಡಲು ತೋಳುಗಳು ಸುಮಾರು 1.85 ಮೀಟರ್ ಏರಬೇಕು. ಸ್ವಿಫ್ಟಿನ ಎತ್ತರ ಸುಮಾರು 1.53 ಮೀಟರ್, ತೋಳು ಹಿಡಿಯುವ ಅಂಚು ನೆಲದಿಂದ ಸುಮಾರು 20 ಸೆಂಟಿಮೀಟರ್ ಮೇಲಿರುತ್ತದೆ. ಎತ್ತಿದಾಗ ನೆತ್ತಿ 3.2 ಮೀಟರ್ ತಲುಪುತ್ತದೆ. ಇನೋವಾ ಕ್ರಿಸ್ಟಾದಂಥ 1.8 ಮೀಟರಿನ ಕಾರಾದರೆ ಸುಮಾರು 3.45 ಮೀಟರ್. ಹಿಂಬಾಗಿಲು ಮೇಲಕ್ಕೆ ತೆರೆದುಕೊಳ್ಳುವ ಕಾರಿನಲ್ಲಿ ಆ ಬಾಗಿಲು ನೆತ್ತಿಗಿಂತಲೂ ಮೇಲೇರುತ್ತದೆಂಬುದನ್ನು ಮರೆಯಬಾರದು. ಇದಲ್ಲದೆ, ಎರಡು ಕಂಬಗಳ ತಲೆಯನ್ನು ಅಡ್ಡಪಟ್ಟಿಯಿಂದ ಜೋಡಿಸಿದ ಮಾದರಿಗಳಿಗೆ ಯಂತ್ರದ ಎತ್ತರವೇ ಸುಮಾರು ಹನ್ನೆರಡು ಅಡಿ ಇರುತ್ತದೆ. ಅಡ್ಡಪಟ್ಟಿಯ ಬದಲು ನೆಲಪಟ್ಟಿಯಿರುವ ಗಿಡ್ಡ ಮಾದರಿಗಳೂ ಇವೆ. ಅವುಗಳಲ್ಲಿ ಕಾರು ದಾಟಿಹೋಗಬೇಕಾದ ಚಿಕ್ಕ ಉಬ್ಬು ನೆಲದ ಮೇಲೆ ಉಳಿಯುತ್ತದೆ.

ಎರಡು ಕಾರುಗಳ ಕೂಡುಲೆಕ್ಕ

ನಿಲುಗಡೆಗೆಂದಾದರೆ ಐದು ಸಂಖ್ಯೆಗಳನ್ನು ಕೂಡಿಸಬೇಕು: ಕೆಳಗಿನ ಕಾರಿನ ಎತ್ತರ, ಅದರ ನೆತ್ತಿಯ ಮೇಲೆ 10 ಸೆಂಟಿಮೀಟರ್ ಅಂತರ, ಹಲಗೆಯ ದಪ್ಪ ಸುಮಾರು 15 ಸೆಂಟಿಮೀಟರ್, ಮೇಲಿನ ಕಾರಿನ ಎತ್ತರ, ಅದರ ಮೇಲೆ 15 ಸೆಂಟಿಮೀಟರ್ ಅಂತರ. ಸ್ವಿಫ್ಟ್ ಕೆಳಗೆ, 1.635 ಮೀಟರಿನ ಕ್ರೆಟಾ ಮೇಲೆ ಎಂದಾದರೆ ಮೊತ್ತ 3.565 ಮೀಟರ್, ಅಂದರೆ ಹನ್ನೊಂದು ಅಡಿ ಎಂಟೂವರೆ ಅಂಗುಲದ ಸುಮಾರು. ಎರಡೂ ಇನೋವಾದಷ್ಟು ಎತ್ತರದವಾದರೆ ನಾಲ್ಕು ಮೀಟರಿನ ಹತ್ತಿರ, ಹದಿಮೂರು ಅಡಿ.

ಇಲ್ಲಿ ಅನೇಕರು ಎಡವುವ ಒಂದು ಸೂಕ್ಷ್ಮವಿದೆ. ಯಾವ ಕಾರು ಮೇಲಿದ್ದರೂ ಯಾವುದು ಕೆಳಗಿದ್ದರೂ ಕೂಡುಲೆಕ್ಕ ಬದಲಾಗುವುದಿಲ್ಲ. ಆದರೆ ಹಲಗೆ ಎಷ್ಟು ಮೇಲೇರುತ್ತದೆಂಬುದು ಲಿಫ್ಟಿನ ಗುಣ, ಶೆಡ್ಡಿನದಲ್ಲ. ಮನೆಬಳಕೆಯ ಅನೇಕ ಲಿಫ್ಟುಗಳಲ್ಲಿ ಹಲಗೆಯ ಕೆಳಗೆ 1.7 ರಿಂದ 1.8 ಮೀಟರ್ ಮಾತ್ರ ಸಿಗುತ್ತದೆ. ಶೆಡ್ಡು ಎಷ್ಟೇ ಎತ್ತರವಿರಲಿ, ದೊಡ್ಡ ಕಾರು ಅಂಥ ಲಿಫ್ಟಿನ ಕೆಳಗೆ ಹಿಡಿಸದು, ಅದನ್ನೇ ಮೇಲೇರಿಸಬೇಕಾದೀತು. ಭಾರದ ಕಾರು ಕೆಳಗಿರಲಿ ಎನ್ನುವ ಮನೆಯವರ ಸಹಜ ಆಸೆಗೆ ಇದು ವಿರುದ್ಧವಾಗುತ್ತದೆ. ಕಾರಿನ ತೂಕಕ್ಕೂ ಲಿಫ್ಟಿನ ಸಾಮರ್ಥ್ಯಕ್ಕೂ ಹೊಂದಿಕೆಯಿದ್ದರೆ ಭಾರದ ಕಾರು ಮೇಲಿರುವುದರಲ್ಲಿ ಅಪಾಯವಿಲ್ಲ. ಆದರೆ ಲಿಫ್ಟಿನ ಏರುವ ಎತ್ತರವನ್ನು ಅಂಗಡಿಯವರ ಬಾಯಿಮಾತಿನಿಂದಲ್ಲ, ತಯಾರಕರ ಕೈಪಿಡಿಯಿಂದಲೇ ಬರೆದುಕೊಳ್ಳತಕ್ಕದ್ದು.

ಇಂದಿನ ಕಾರಿಗೆ ಮಾತ್ರ ಲೆಕ್ಕ ಹಾಕುವುದೂ ಸರಿಯಲ್ಲ. 1983ರಿಂದ 2014ರವರೆಗೆ ತಯಾರಾದ ಮಾರುತಿ 800 ಸುಮಾರು 1.4 ಮೀಟರ್ ಎತ್ತರವಿತ್ತು. ಪದ್ಮಿನಿ 1.47 ಮೀಟರ್. ಅವುಗಳನ್ನು ಮಾರಿದ ಮನೆಗಳಿಗೆ ಇಂದು 1.6 ರಿಂದ 1.8 ಮೀಟರಿನ ವಾಹನಗಳು ಬಂದಿವೆ. ಕಾರು ಹತ್ತು ವರ್ಷಕ್ಕೆ ಬದಲಾಗುತ್ತದೆ, ಕಾಂಕ್ರೀಟು ಐವತ್ತು ವರ್ಷ ನಿಲ್ಲುತ್ತದೆ. ಸಾಧ್ಯವಿದ್ದವರು ಬೀಮಿನ ತಳಕ್ಕೆ 3.7 ಮೀಟರ್ ಇಟ್ಟುಕೊಂಡರೆ ಹೆಚ್ಚಿನ ಜೋಡಿಗಳಿಗೆ ಸಾಕು; ಎರಡು ದೊಡ್ಡ ಕಾರುಗಳ ಮನೆಯವರು ನಾಲ್ಕು ಮೀಟರಿಗೆ ಇಳಿಯದಿರಲಿ.

ಬೀಮನ್ನು ಎಲ್ಲಿಡುವುದು?

ಶೆಡ್ಡಿನ ನಡುವೆ ಕಂಬ ಬರುವಂತಿಲ್ಲವಾದುದರಿಂದ ಬೀಮುಗಳು ನಾಲ್ಕರಿಂದ ಆರು ಮೀಟರ್ ಹಾಯಬೇಕಾಗುತ್ತದೆ. ಇಷ್ಟು ಹಾಯುವ ಬೀಮಿನ ಆಳ, ತಾರಸಿಯ ದಪ್ಪವೂ ಸೇರಿ, ಸಾಮಾನ್ಯವಾಗಿ 35 ರಿಂದ 50 ಸೆಂಟಿಮೀಟರ್ ಬರುತ್ತದೆ. ಈ ನಷ್ಟವನ್ನು ತಪ್ಪಿಸಿಕೊಳ್ಳಲು ದಾರಿಗಳಿವೆ. ಬೀಮನ್ನು ತಾರಸಿಯ ಕೆಳಗೆ ಇಳಿಸದೆ ಮೇಲಕ್ಕೆ ಎಬ್ಬಿಸಿ ಹಾಕಬಹುದು. ಒಳಗಿನಿಂದ ಚಾವಣಿ ಸಪಾಟಾಗಿ ಕಾಣುತ್ತದೆ. ಹಾಗೆ ಮಾಡಿದಾಗ ತಾರಸಿಯ ಮೇಲೆ ಮಳೆನೀರು ಬೀಮಿನ ಹಿಂದೆ ಕಟ್ಟಿಕೊಳ್ಳದಂತೆ ನೀರಿನ ದಾರಿಯನ್ನು ಮೊದಲೇ ಬಿಡಿಸಬೇಕು. ಮುಂಬಯಿ, ಪುಣೆಯ ಮಳೆಯಲ್ಲಿ ಇದು ಚಿಕ್ಕ ವಿಷಯವಲ್ಲ.

ಬೀಮು ಕೆಳಗೆ ಇಳಿಯಲೇಬೇಕೆಂದಾದರೆ ಅದರ ಜಾಗವನ್ನಾದರೂ ಆರಿಸಿಕೊಳ್ಳಬಹುದು. ಕಾರು ಉದ್ದಕ್ಕೂ ಒಂದೇ ಎತ್ತರವಿಲ್ಲ. ಬಾನೆಟ್ಟು ನೆತ್ತಿಗಿಂತ ಅರ್ಧ ಮೀಟರಿನಷ್ಟು ತಗ್ಗಿರುತ್ತದೆ. ಬೀಮನ್ನು ನಡುವಿನಿಂದ ಸರಿಸಿ ಬಾನೆಟ್ಟಿನ ಮೇಲಕ್ಕೆ ತಂದರೆ ಅದೇ ಶೆಡ್ಡಿನಲ್ಲಿ ಅಷ್ಟೇ ಎತ್ತರ ದೊರಕಿದಂತೆ. ನಮ್ಮ ಹಿರಿಯರ ಶೆಡ್ಡಿನಲ್ಲಿ ಬೀಮು ಒಂದೂವರೆ ಮೀಟರ್ ಆಚೆಗಿದ್ದಿದ್ದರೆ ಪದ್ಮಿನಿ ಉಳಿಯುತ್ತಿತ್ತು. ಇದನ್ನು ಅವರಿಗೆ ಹೇಳುವ ಧೈರ್ಯ ನಮಗಾಗಲಿಲ್ಲ.

ರೋಲಿಂಗ್ ಷಟರಿಗೂ ಇದೇ ಮಾತು. ಸುತ್ತಿಕೊಂಡ ಷಟರು ಬಾಗಿಲ ಮೇಲೆ 30 ರಿಂದ 40 ಸೆಂಟಿಮೀಟರ್ ಜಾಗ ತಿನ್ನುತ್ತದೆ. ಕಾರನ್ನು ಮೂತಿ ಮುಂದಾಗಿ ಒಳಗೆ ತಂದರೆ ಅದರ ಎತ್ತರದ ಹಿಂಭಾಗ ಬಾಗಿಲ ಬಳಿ, ಷಟರಿನ ಸುರುಳಿಯ ಕೆಳಗೇ ಬರುತ್ತದೆ. ಮೇಲಿನ ಕಾರನ್ನು ರಿವರ್ಸಿನಲ್ಲಿ ಒಳತಂದರೆ ಆ ಜಾಗಕ್ಕೆ ಬಾನೆಟ್ಟು ಬರುತ್ತದೆ. ಸುರುಳಿಯನ್ನು ಗೋಡೆಯ ಹೊರಮುಖಕ್ಕೆ ಕಟ್ಟಿಸುವವರೂ ಇದ್ದಾರೆ. ಆಗ ಮಳೆಗೆ ಮರೆ ಬೇಕು. ಬಾಗಿಲು ಎರಡೂವರೆ ಮೀಟರಿಗಿಂತ ಎತ್ತರವಿರಬೇಕಾದ ಅಗತ್ಯವಿಲ್ಲ, ಏಕೆಂದರೆ ಕಾರು ಏರುವುದು ಒಳಗೆ ಬಂದ ಮೇಲೆ.

ತಗಡಿನ ಇಳಿಜಾರು ಚಾವಣಿ ಅಗ್ಗ, ಬೇಗ ಮುಗಿಯುತ್ತದೆ. ಆದರೆ ನೆತ್ತಿಯ ಎತ್ತರ ನೋಡಿ ಮರುಳಾಗಬಾರದು. ಕಬ್ಬಿಣದ ಟ್ರಸ್ಸಿನ ಕೆಳಪಟ್ಟಿಯವರೆಗೆ ಮಾತ್ರ ನಮ್ಮ ಲೆಕ್ಕ. ಫ್ಯಾನು ಹಾಗೂ ದೀಪಗಳನ್ನು ಗೋಡೆಗೆ ಸರಿಸಿದರೆ ತೀರಿತು.

ಪಾಯದ ಎತ್ತರದಿಂದ ಸಿಗುವ ಲಾಭ

ಮನೆಗೆ ಸೇರಿಸಿ ಕಟ್ಟುವಾಗ ಹೆಚ್ಚಿನ ಚರ್ಚೆ ನಡೆಯುವುದು ಇದರ ಬಗ್ಗೆಯೇ. ಶೆಡ್ಡಿನ ಮೇಲೊಂದು ಕೋಣೆ ಕಟ್ಟಿ ಅದನ್ನು ಮನೆಯ ಮೊದಲ ಮಹಡಿಗೆ ಕೂಡಿಸಬೇಕೆಂದು ಮಕ್ಕಳು ಬಯಸುತ್ತಾರೆ. ಮನೆಯ ಮಹಡಿ ಇರುವುದು ಹತ್ತು ಅಡಿಗೆ, ಶೆಡ್ಡಿಗೆ ಬೇಕಾದದ್ದು ಹನ್ನೆರಡು ಅಡಿ. ಹೊಂದುವುದು ಹೇಗೆ?

ನಮ್ಮ ಹಳೆಯ ಮನೆಗಳ ನೆಲ ಅಂಗಳದಿಂದ ಎರಡಡಿಯಾದರೂ ಮೇಲಿರುತ್ತದೆ. ಶೆಡ್ಡಿನ ನೆಲವನ್ನು ಆ ಮಟ್ಟಕ್ಕೆ ಏರಿಸಬೇಕಾಗಿಲ್ಲ. ಅಂಗಳದಿಂದ ಅರ್ಧ ಅಡಿ ಮೇಲಿದ್ದರೆ ಸಾಕು. ಇದರಿಂದ ಒಂದೂವರೆ ಅಡಿ ಎತ್ತರ ಖರ್ಚಿಲ್ಲದೆ ಸಿಕ್ಕಿತು. ಲೆಕ್ಕ ನೋಡೋಣ. ಮನೆಯ ನೆಲ ಅಂಗಳದಿಂದ 60 ಸೆಂಟಿಮೀಟರ್ ಮೇಲಿದೆ, ಅಲ್ಲಿಂದ ಮಹಡಿಯ ನೆಲ 3.05 ಮೀಟರ್. ಶೆಡ್ಡಿನ ನೆಲ 15 ಸೆಂಟಿಮೀಟರ್ ಮೇಲಿದೆ. ಶೆಡ್ಡಿನ ನೆಲದಿಂದ ಮಹಡಿಯ ಮಟ್ಟಕ್ಕೆ 3.5 ಮೀಟರ್, ತಾರಸಿಯ ದಪ್ಪ ಕಳೆದರೆ ಸುಮಾರು 3.37. ನಮಗೆ ಬೇಕಾದದ್ದು 3.7. ಬೀಮುಗಳನ್ನು ಮೇಲಕ್ಕೆ ಎಬ್ಬಿಸಿದರೆ ಕೊರತೆ 33 ಸೆಂಟಿಮೀಟರ್, ಅಂದರೆ ಹೊಸ ಕೋಣೆಗೆ ಎರಡು ಮೆಟ್ಟಿಲು ಏರಿದರಾಯಿತು. ಎಬ್ಬಿಸಿದ ಬೀಮುಗಳು ಆ ಕೋಣೆಯ ಗೋಡೆಗಳ ಅಡಿಗೆ ಬರುವಂತೆ ಮಾತ್ರ ನೋಡಿಕೊಳ್ಳಬೇಕು. ಬೀಮು ಕೆಳಗೆ ಇಳಿಸಿದರೆ ನಾಲ್ಕು ಮೆಟ್ಟಿಲಾದೀತು. ಮಂಡಿನೋವಿನ ಹಿರಿಯರಿರುವ ಮನೆಯಲ್ಲಿ ಎರಡಕ್ಕೂ ನಾಲ್ಕಕ್ಕೂ ವ್ಯತ್ಯಾಸವಿದೆ.

ಹೊಸ ತಾರಸಿಯನ್ನು ಹಳೆಯ ಗೋಡೆಯ ಮೇಲೆ ಊರಬಾರದು. ಆ ಗೋಡೆಯ ಪಾಯ ಈ ಭಾರಕ್ಕೆಂದು ಹಾಕಿದ್ದಲ್ಲ. ಹೊಸದು ಸ್ವಲ್ಪ ಕುಸಿದರೂ ಬಿರುಕು ಹಳೆಯ ಮನೆಯ ದೇವರಕೋಣೆಯವರೆಗೆ ಹರಿದೀತು. ಹೊಸ ಕಂಬ, ಹೊಸ ಪಾಯ, ಎರಡರ ನಡುವೆ ಒಂದು ಅಂಗುಲದ ಸಂದು, ಸಂದಿನ ಮೇಲೆ ನೀರು ಇಳಿಯದ ಮುಚ್ಚಿಗೆ. ಹನ್ನೆರಡು ಅಡಿ ಎತ್ತರಕ್ಕೆ ನಾಲ್ಕೂವರೆ ಅಂಗುಲದ ಇಟ್ಟಿಗೆ ಗೋಡೆಯನ್ನು ನಾವು ಒಪ್ಪುವುದಿಲ್ಲ. ಒಂಬತ್ತು ಅಂಗುಲದ ಗೋಡೆ, ನಡುವೆ ಕಾಂಕ್ರೀಟಿನ ಪಟ್ಟಿ ಇರಲಿ. ಅಡ್ಡಳತೆಯೂ ಸ್ವಲ್ಪ ಧಾರಾಳವಾಗಿರಬೇಕು. ನಾಲ್ಕು ಮೀಟರ್ ಅಗಲ, ಆರೂವರೆ ಮೀಟರ್ ಉದ್ದಕ್ಕಿಂತ ಕಡಿಮೆಯಾದರೆ ಕಂಬಗಳ ನಡುವೆ ಕಾರಿನ ಬಾಗಿಲು ತೆರೆದು ಇಳಿಯುವುದೇ ಕಷ್ಟ.

ಗುಂಡಿ ತೋಡಬಾರದೇ?

ಮೇಲಕ್ಕೆ ಹೋಗಲಾಗದಿದ್ದರೆ ಕೆಳಕ್ಕೆ ಹೋಗೋಣ ಎಂಬ ಸಲಹೆ ಬಂದೇ ಬರುತ್ತದೆ. ಕೆಳಗಿನ ಕಾರನ್ನು ಗುಂಡಿಗೆ ಇಳಿಸುವ ಲಿಫ್ಟುಗಳು ದೊಡ್ಡ ಕಟ್ಟಡಗಳಲ್ಲಿ ಇವೆ. ಅಲ್ಲಿ ಪಂಪು ಇದೆ, ಕಾವಲುಗಾರನಿದ್ದಾನೆ. ಮನೆಯಲ್ಲಿ ರಾತ್ರಿ ಎರಡು ಗಂಟೆಗೆ ಕರೆಂಟು ಹೋಗಿ ಮಳೆ ಸುರಿದರೆ ನೋಡುವವರು ಯಾರು? 26 ಜುಲೈ 2005ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದುದು ನಮ್ಮ ಓದುಗರಿಗೆ ನೆನಪಿರಲೇಬೇಕು. ಚೆನ್ನೈಯವರಿಗೆ ಡಿಸೆಂಬರ್ 2015, ಹೈದರಾಬಾದಿನವರಿಗೆ ಅಕ್ಟೋಬರ್ 2020 ಇವೆ. ಚೆನ್ನೈಯ ಕಡಲ ಬದಿಯ ಬಡಾವಣೆಗಳಲ್ಲಂತೂ ಅಂತರ್ಜಲ ಮೇಲೆಯೇ ಇರುತ್ತದೆ. ಹಳೆಯ ಮನೆಯ ಪಾಯದ ಪಕ್ಕದಲ್ಲಿ ಆರಡಿ ಅಗೆಯುವುದು ಮನೆಗೂ ಕ್ಷೇಮವಲ್ಲ. ಗುಂಡಿಯನ್ನು ನಾವು ಸೂಚಿಸುವುದಿಲ್ಲ.

ನೆಲ

ಲಿಫ್ಟಿನ ಭಾರವೆಲ್ಲ ಕಂಬಗಳ ಬುಡದ ಚಿಕ್ಕ ತಗಡುಗಳ ಮೂಲಕ ನೆಲಕ್ಕಿಳಿಯುತ್ತದೆ. ಎರಡು ಕಂಬದ ಲಿಫ್ಟಂತೂ ನೆಲಕ್ಕೆ ಬಿಗಿದ ಬೋಲ್ಟುಗಳ ಬಲದಿಂದಲೇ ನಿಂತಿರುತ್ತದೆ. ಆರು ಅಂಗುಲ ದಪ್ಪದ, ಕಂಬಿಜಾಲವಿರುವ ಎಂ25 ಕಾಂಕ್ರೀಟು ಹಾಕಿಸಿ, ಕಂಬ ಬರುವಲ್ಲಿ ಇನ್ನಷ್ಟು ದಪ್ಪ ಮಾಡಿಸುವುದು ಉತ್ತಮ. ಕಾಂಕ್ರೀಟಿಗೆ ಇಪ್ಪತ್ತೆಂಟು ದಿನ ತುಂಬುವ ಮೊದಲು ಬೋಲ್ಟು ಬಿಗಿಯಬಾರದು. ಕಂಬದ ಬುಡಕ್ಕೆ ಟೈಲ್ಸು ಬೇಡ.

ಪುಣೆ, ಸೊಲ್ಲಾಪುರದ ಕಡೆಯವರು ಎರೆಮಣ್ಣಿನ ಗುಣವನ್ನು ಬಲ್ಲರು. ವಿಜಾಪುರ, ಧಾರವಾಡಗಳಿಂದ ಬಂದವರಿಗೆ ಹೇಳಬೇಕಾಗಿಯೇ ಇಲ್ಲ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣಿನ ಮೇಲೆ ನೆಲ ಹಾಕಿದರೆ ಲಿಫ್ಟಿನ ಒಂದು ಕಂಬ ಮೇಲೆ, ಒಂದು ಕೆಳಗೆ ಆದೀತು. ಅದನ್ನು ತೆಗೆಸಿ, ಮೊರಂ ತುಂಬಿಸಿ, ಪದರ ಪದರವಾಗಿ ನೀರು ಹಾಕಿ ದಮ್ಮಸು ಮಾಡಿಸಬೇಕು. ಇನ್ನೊಂದು ವಿಷಯ: ಕಾರು ತೊಳೆದ ನೀರು ಹರಿಯಲೆಂದು ಮೇಸ್ತ್ರಿಗಳು ಶೆಡ್ಡಿನ ನೆಲಕ್ಕೆ ರೂಢಿಯಂತೆ ಇಳಿಜಾರು ಕೊಡುತ್ತಾರೆ. ಲಿಫ್ಟು ನಿಲ್ಲುವಷ್ಟು ಜಾಗ ಸಮತಟ್ಟಾಗಿಯೇ ಇರಬೇಕು. ಇಳಿಜಾರು ಅದರಾಚೆಗೆ ಬಾಗಿಲ ಬಳಿ ಇರಲಿ.

ಬಳಕೆಯ ಬಗ್ಗೆ ನಾಲ್ಕು ಮಾತು. ಲಿಫ್ಟಿಗೆ ಪ್ರತ್ಯೇಕ ವಿದ್ಯುತ್ ಲೈನು, ಅರ್ಥಿಂಗ್ ಬೇಕು. ಕಾರನ್ನು ಎತ್ತಿದ ಮೇಲೆ ಹಲಗೆಯನ್ನು ಕಬ್ಬಿಣದ ಕೊಕ್ಕೆಗಳ ಮೇಲೆ ಇಳಿಸಿ ಕೂರಿಸಬೇಕು. ಎಣ್ಣೆಯ ಒತ್ತಡದ ಮೇಲೆಯೇ ರಾತ್ರಿಯಿಡೀ ತೂಗುಬಿಡಬಾರದು. ಕರೆಂಟು ಹೋದಾಗ ಕೈಯಿಂದ ಇಳಿಸುವ ವ್ಯವಸ್ಥೆ ಇದೆಯೇ ಎಂದು ಕೊಳ್ಳುವ ಮುನ್ನ ಕೇಳಿರಿ. ಬೀಗದ ಕೈಯಿಂದ ಮಾತ್ರ ನಡೆಯುವ ಸ್ವಿಚ್ಚು ಹಾಕಿಸಿ, ಬೀಗದ ಕೈ ಮಕ್ಕಳಿಗೆ ಎಟುಕದಲ್ಲಿರಲಿ. ಮೇಲಿನ ಕಾರಿನ ಎಣ್ಣೆ ಕೆಳಗಿನದರ ಮೇಲೆ ತೊಟ್ಟಿಕ್ಕದಂತೆ ತಟ್ಟೆ ಸಿಗುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸುತ್ತ ನಿಲ್ಲುವುದು ಪ್ರಾಣಕ್ಕೇ ಅಪಾಯ. ಎದುರುಬದುರು ಗೋಡೆಗಳಲ್ಲಿ ಗಾಳಿಕಿಂಡಿ ಬಿಡಿಸಬೇಕು. ಆಯುಧಪೂಜೆಯ ದಿನ ಮೇಲಿನ ಕಾರನ್ನೂ ಇಳಿಸಿಯೇ ಹಾರ ಹಾಕಬೇಕೆಂದು ಮನೆಯ ಹೆಂಗಸರು ಮೊದಲೇ ತಿಳಿಸಿಬಿಟ್ಟಿರುತ್ತಾರೆ.

ಅನುಮತಿಯ ವಿಷಯದಲ್ಲಿ ಊರಿಗೊಂದು ನಿಯಮ. ಪುಣೆಗೆ ಡಿಸೆಂಬರ್ 2020ರಲ್ಲಿ ಮಂಜೂರಾದ ಮಹಾರಾಷ್ಟ್ರದ ಯುಡಿಸಿಪಿಆರ್, ಮುಂಬಯಿಗೆ ಡಿಸಿಪಿಆರ್ 2034, ಹೈದರಾಬಾದಿಗೆ 2012ರ ಸರ್ಕಾರಿ ಆದೇಶ 168 ಹಾಗೂ ಅದರ ತಿದ್ದುಪಡಿಗಳು, ಚೆನ್ನೈಗೆ ತಮಿಳುನಾಡಿನ 2019ರ ಸಂಯುಕ್ತ ಕಟ್ಟಡ ನಿಯಮಗಳು, ದೆಹಲಿಗೆ 2016ರ ಏಕೀಕೃತ ಉಪವಿಧಿಗಳು ಆಧಾರ. ಎಲ್ಲೆಡೆಯೂ ಕೇಳಬೇಕಾದ ಪ್ರಶ್ನೆ ಎರಡು: ಪಕ್ಕದ ಖಾಲಿ ಅಂಚಿನಲ್ಲಿ ಶೆಡ್ ಕಟ್ಟಲು ಅವಕಾಶವಿದೆಯೇ? ನಮಗೆ ಬೇಕಾದ ಎತ್ತರಕ್ಕೆ ಅದು ಇನ್ನೂ ನಿಲುಗಡೆಯೆಂದೇ ಗಣನೆಯಾಗುತ್ತದೆಯೇ, ಇಲ್ಲವೇ ಕಟ್ಟಿದ ವಿಸ್ತೀರ್ಣಕ್ಕೆ ಸೇರುತ್ತದೆಯೇ? ಉತ್ತರವನ್ನು ಬರಹದಲ್ಲಿ ಪಡೆದ ಮೇಲೆಯೇ ಪಾಯ ತೆಗೆಯುವುದು ಒಳ್ಳೆಯದು.

ಕೊನೆಯದಾಗಿ ಒಂದು ಬಿದಿರು ಕೋಲಿನ ವಿಷಯ. ಸೆಂಟ್ರಿಂಗ್ ಮುಗಿದು, ಕಂಬಿ ಕಟ್ಟಿ, ಕಾಂಕ್ರೀಟು ಸುರಿಯುವ ಹಿಂದಿನ ದಿನ ಶೆಡ್ಡಿನೊಳಗೆ ಹೋಗಿ ನೋಡಬೇಕು. ಬೇಕಾದ ಎತ್ತರಕ್ಕೆ ಸರಿಯಾಗಿ ಕತ್ತರಿಸಿದ ನೆಟ್ಟನೆಯ ಬಿದಿರನ್ನು ಕೈಯಲ್ಲಿ ಹಿಡಿದಿರಬೇಕು. ಆ ಹೊತ್ತಿಗೆ ನೆಲ ಇನ್ನೂ ಹಾಕಿರುವುದಿಲ್ಲ; ಮುಗಿದ ನೆಲದ ಮಟ್ಟವನ್ನು ಕಂಬಗಳ ಮೇಲೆ ಬಣ್ಣದಿಂದ ಗುರುತಿಸಿಕೊಂಡಿರಬೇಕು. ಆ ಗುರುತಿನಿಂದ ಕೋಲನ್ನು ಎತ್ತಿ ಹಿಡಿದು, ಲಿಫ್ಟು ಬರುವ ಜಾಗದಲ್ಲೆಲ್ಲ, ಬೀಮಿನ ಪೆಟ್ಟಿಗೆಯ ತಳದಲ್ಲಿ, ಷಟರು ಬರುವಲ್ಲಿ ನಡೆಸಿ ನೋಡಿರಿ. ಎಲ್ಲಿಯಾದರೂ ತಾಗಿದರೆ ಆ ದಿನ ಹಲಗೆ ಬಿಚ್ಚಿ ಮೇಲೆತ್ತಲು ಬಡಗಿಗೆ ಒಂದೆರಡು ದಿನದ ಕೆಲಸ. ಮೇಸ್ತ್ರಿ ಗೊಣಗುತ್ತಾನೆ, ಗೊಣಗಲಿ, ಎರಡು ಕಪ್ ಚಹಾ ಹೆಚ್ಚು ಕೊಡಿಸಿರಿ.